ಹೊರೆಗಲ್ಲಿನ ಮೋನಪ್ಪ

ಕುಳಿತುಕೊಳ್ಳಿ, ಹೇಳುತ್ತೇನೆ. ಬಲು ಹಿಂದೆ ಒಂದೂರಿನಲ್ಲಿ, ಒಂದೂರು ಯಾಕೆ, ನಮ್ಮ ಈ ಕರಿಬಂಡಿಯಲ್ಲೇ, ಮೋನಪ್ಪ ಅನ್ನುವ ಕಲ್ಲುಕುಟಿಗನಿದ್ದನಂತೆ. ನನ್ನ ಅಜ್ಜಿಯ ಅಜ್ಜಿಗೂ ಇದು ಹಳೆಯ ಮಾತೇ. ಅವನು ಗುಡಿಯ ಕಂಬದ ಮೇಲೆ ಗಿಳಿ ಕಡೆದರೆ ಬೆಕ್ಕು ಬಂದು ಕೆಳಗೆ ಹೊಂಚುಹಾಕುತ್ತಿತ್ತಂತೆ. ಇದು ಬುರುಡೆ ಇರಬೇಕು, ಇರಲಿ. ಅವನು ಕುಡಿಯುತ್ತಿದ್ದನಲ್ಲ, ಅದು ಬುರುಡೆಯಲ್ಲ. ಊರಾಚೆಯ ಈಚಲ ವನದಲ್ಲಿ ಬೆಳಗ್ಗೆ ಮರದಿಂದ ಶೇಂದಿಯ ಗಡಿಗೆ ಇಳಿಯುವಾಗ ಒಮ್ಮೆ, ಸಂಜೆ ಇಳಿಯುವಾಗ ಒಮ್ಮೆ ಹಾಜರಾಗುತ್ತಿದ್ದ.

ಅವನ ಹೆಂಡತಿ ಸಂಕಮ್ಮ ತುಂಬಿದ ಬಸುರಿ. ಒಂದು ಸಂಜೆ ನೋವು ಶುರುವಾಯಿತು. ಆಚೆ ಊರಿನಿಂದ ಸೂಲಗಿತ್ತಿಯನ್ನು ಕರೆದುಕೊಂಡು ಬಾ ಅಂತ ಅತ್ತೆ ಗುರುಬಾಯಿ ಅಳಿಯನನ್ನು ಓಡಿಸಿದಳು. ದಾರಿ ಈಚಲ ವನವನ್ನು ಹಾದೇ ಹೋಗುತ್ತಿತ್ತು. ಒಂದೇ ಒಂದು ಮೊಗೆ ಕುಡಿದು ಹೊರಟರಾಯಿತು ಅಂದುಕೊಂಡನಂತೆ. ಎಚ್ಚರವಾದಾಗ ಮರುದಿನದ ಬಿಸಿಲು ನೆತ್ತಿಗೇರಿತ್ತು. ಸಂಕಮ್ಮ ಹೆರದೇ ಸತ್ತಿದ್ದಳು, ಮಗು ಹೊಟ್ಟೆಯಲ್ಲೇ ಉಳಿದಿತ್ತು.

ಬಸುರಿ ಹೆರದೇ ಸತ್ತರೆ ಸತ್ತ ಮೇಲೂ ಅವಳ ಭಾರ ಇಳಿಯುವುದಿಲ್ಲ ಅಂತ ನಮ್ಮ ಹಿರಿಯರ ನಂಬಿಕೆ. ಅದಕ್ಕೇ ಗಂಡನಾದವನು ದಾರಿಯ ಬದಿಗೆ ಹೊರೆಗಲ್ಲು ನಿಲ್ಲಿಸಬೇಕು. ಎರಡು ಕಂಬ, ಮೇಲೊಂದು ಚಪ್ಪಡಿ. ದಾರಿಹೋಕರು ಇನ್ನೊಬ್ಬರ ಕೈ ಬೇಡದೆ ತಲೆಹೊರೆಯನ್ನು ಅದರ ಮೇಲೆ ಇಳಿಸಿ ದಣಿವಾರಿಸಿಕೊಂಡರೆ, ಅತ್ತ ಸತ್ತವಳ ಭಾರವೂ ಇಳಿಯುತ್ತದಂತೆ.

ಮೋನಪ್ಪ ಕಲ್ಲು ನಿಲ್ಲಿಸಿದ. ಅಮಲಿನಲ್ಲೇ ಕಡೆದ, ಅಮಲಿನಲ್ಲೇ ನೆಟ್ಟ. ಎತ್ತರಕ್ಕೆ ತನ್ನ ನೆತ್ತಿಯನ್ನೇ ಅಳತೆ ಇಟ್ಟುಕೊಂಡ, ಅವನೋ ಆರಡಿ ಆಳು. ಆ ದಾರಿಯಲ್ಲಿ ಹೆಚ್ಚಾಗಿ ಹೊರೆ ಹೊರುವವರು ಹೆಂಗಸರು ಅನ್ನುವುದು ಆ ಬುದ್ಧಿಗೇಡಿಗೆ ಹೊಳೆಯಲೇ ಇಲ್ಲ. ಕಟ್ಟಿಗೆ ಹೊತ್ತು ಬಂದ ಮೊದಲನೆಯವಳಿಗೆ ಚಪ್ಪಡಿ ಎಟುಕಲಿಲ್ಲ. ಸಂಕಮ್ಮನ ಹೆಸರು ಹೇಳಿ ಅತ್ತು, ಹೊರೆ ಹೊತ್ತುಕೊಂಡೇ ಮುಂದೆ ಹೋದಳಂತೆ. ಹೀಗೇ ಹತ್ತು ಜನ ಹೋದರು. ಅದನ್ನು ನೋಡಲಾರದೆ ಮೋನಪ್ಪ ತಿರುಗಿ ಈಚಲ ವನ ಸೇರಿದ.

ನಾಲ್ಕನೆಯ ದಿನ ಗುರುಬಾಯಿ ತಲೆಯ ಮೇಲೆ ಕಟ್ಟಿಗೆ ಹೊರೆ ಹೊತ್ತುಕೊಂಡು ವನಕ್ಕೇ ಬಂದು ಅವನೆದುರು ನಿಂತಳು.

“ಏಳು, ಅಳತಿ ತಗೋ,” ಅಂದಳು. “ನನ್ನ ಮಗಳು ಇನ್ನೂ ಹೊತ್ಕೊಂಡು ನಿಂತಾಳ.”

ಅವನು ಹಗ್ಗ ಹಿಡಿದು ಅಳತೆ ತೆಗೆದ. ಅಮಲಿಗೆ ಹಗ್ಗ ಮೂರು ಸಲ ಜಾರಿತಂತೆ. ಮುದುಕಿ ಅಲುಗಾಡದೆ ನಿಂತಿದ್ದಳಂತೆ.

ಅವತ್ತಿಗೇ ಕುಡಿತ ಬಿಟ್ಟ ಅನ್ನುತ್ತಾರೆ. ದೇವಿ ಕನಸಿನಲ್ಲಿ ಬಂದು ಗಡಿಗೆ ಒಡೆದಳು ಅಂತಲೂ ಅನ್ನುತ್ತಾರೆ. ದೇವಿಗೆ ಬೇರೆ ಕೆಲಸವಿಲ್ಲವೇ? ನನ್ನ ಅಜ್ಜಿ ಹೇಳಿದ್ದು ಬೇರೆ. ಬಿಟ್ಟ, ಬಿದ್ದ, ಮತ್ತೆ ಬಿಟ್ಟ. ಬೆವರಿದ, ಕಾರಿಕೊಂಡ, ಇಲ್ಲದ ಹಾವು ಕಂಡು ಕಿರುಚಿದ. ಉಳಿಗೆ ಹೊಡೆಯುವ ಸುತ್ತಿಗೆ ಹೆಬ್ಬೆರಳಿಗೆ ಬಿತ್ತು. ಸಂಜೆ ಗಡಿಗೆ ಇಳಿಯುವ ಹೊತ್ತಿಗೆ ಜೀವ ಹಿಂಡಿ ಹೋಗುತ್ತಿತ್ತಂತೆ. ಹೊಸ ಹೊರೆಗಲ್ಲಿನ ಕಂಬದ ಮೇಲೆ ಅವನು ಬಸುರಿಯೊಬ್ಬಳನ್ನು ಕಡೆಯುತ್ತಿದ್ದ, ಅವಳ ಬೆರಳುಗಳನ್ನು ಆ ಹೊತ್ತಿಗೆಂದೇ ಉಳಿಸಿಕೊಳ್ಳುತ್ತಿದ್ದ. ಬೆರಳು ಕಡೆಯುವಾಗ ಮನಸ್ಸು ಎಳ್ಳಷ್ಟು ಅತ್ತಿತ್ತ ಆದರೂ ಕಲ್ಲು ಸಿಡಿದುಹೋಗುತ್ತದೆ. ಅದಕ್ಕೇ ಅವನ ಕಲ್ಲುಗಳಲ್ಲಿ ಮುಖ ಒರಟು, ಬೆರಳು ಮಾತ್ರ ಈಗ ತಾನೇ ಹೊಟ್ಟೆ ಸವರಿದ ಹಾಗಿವೆ. ಹೋಗಿ ನೋಡಿ ಬೇಕಾದರೆ.

ಹೊಸ ಕಲ್ಲು ನಿಂತಿತು. ಮೊದಲ ಹೊರೆಯನ್ನು ಗುರುಬಾಯಿಯೇ ಇಳಿಸಿದಳು.

“ಇಳೀತೇನ್ರಿ ಅತ್ತಿ?” ಅಂತ ಕೇಳಿದನಂತೆ ಮೋನಪ್ಪ.

“ಆಕೀದು ಇಳೀತು,” ಅಂದಳಂತೆ. “ನಿಂದು ನಾ ಹೇಳಿದಾಗ ಇಳಸು.”

ಆಮೇಲೆ ಅವನಿಗೆ ಅದೇ ಬದುಕಾಯಿತು. ಯಾವ ಊರಿನಲ್ಲಿ ಬಸುರಿ ಸತ್ತರೂ ಕರೆಯದಿದ್ದರೂ ಹೋಗುತ್ತಿದ್ದ. ಆ ಊರಿನ ಹೆಂಗಸರನ್ನು ನಿಲ್ಲಿಸಿ ಅಳತೆ ತೆಗೆಯುತ್ತಿದ್ದ, ಕಲ್ಲು ಕಡೆಯುತ್ತಿದ್ದ. ಏಳು ಆಳು ಎತ್ತುವ ಚಪ್ಪಡಿಯನ್ನು ಒಬ್ಬನೇ ಹೊರುತ್ತಿದ್ದನಂತೆ. ಹೋಗುವಾಗೆಲ್ಲ ಸಂಕಮ್ಮನ ಕಲ್ಲಿನ ಹತ್ತಿರ ನಿಲ್ಲುತ್ತಿದ್ದ. ಎದುರಿಗೇ ಅತ್ತೆಯ ಮನೆ. ತಲೆಯ ಮೇಲೆ ಭಾರ ಇಟ್ಟುಕೊಂಡೇ ಆ ಬಾಗಿಲ ಕಡೆ ನೋಡುತ್ತಿದ್ದ. ಗುರುಬಾಯಿ ಒಳಗೆ ಕೂತಿರುವುದು ಕಾಣುತ್ತಿತ್ತು. ಇಳಿಸು ಅಂತ ಮಾತ್ರ ಅವಳು ಅನ್ನುತ್ತಿರಲಿಲ್ಲ. ಅವನು ಸ್ವಲ್ಪ ಹೊತ್ತು ಕಾದು ಮುಂದೆ ಹೋಗುತ್ತಿದ್ದ. ಅವಳನ್ನು ಬೈಯಬೇಡಿ, ಹೆತ್ತ ಕರುಳು ಅದು. ಆದರೂ ನನಗೆ ಅವನನ್ನು ನೆನೆದರೆ ಸಂಕಟವಾಗುತ್ತದೆ.

ಗುರುಬಾಯಿ ಆ ಮಾತು ಹೇಳದೆಯೇ ಸತ್ತಳು. ಮೋನಪ್ಪ ಆಮೇಲೆ ಹನ್ನೆರಡು ವರ್ಷ ಬದುಕಿದನಂತೆ. ಆ ಕಲ್ಲಿನ ಮೇಲೆ ಒಂದು ಬುತ್ತಿಗಂಟನ್ನೂ ಇಡಲಿಲ್ಲವಂತೆ. ಬೀಗ ಬಿದ್ದ ಮನೆಯೆದುರು ಭಾರ ಹೊತ್ತು ನಿಂತು, ಹೊತ್ತೇ ಹೋಗುತ್ತಿದ್ದನಂತೆ.

ಈಗಲೂ ಆ ಕಲ್ಲಿನ ಮೇಲೆ ಗಂಡಸರು ತಾವಾಗಿ ಹೊರೆ ಇಳಿಸುವುದಿಲ್ಲ. ಹೆಂಗಸೊಬ್ಬಳು ಇಳಿಸು ಅನ್ನುವವರೆಗೆ ಹೊತ್ತುಕೊಂಡು ನಿಲ್ಲುತ್ತಾರೆ. ನಮ್ಮೂರ ಹೆಂಗಸರು ಯಾರನ್ನೂ ಕಾಯಿಸುವುದಿಲ್ಲ. ರೊಟ್ಟಿ ಬಡಿಯುತ್ತಿದ್ದರೆ ಹಿಟ್ಟಿನ ಕೈಯಲ್ಲೇ ಓಡಿಬರುತ್ತಾರೆ. ನಿಂತವನು ಗುರುತಿಲ್ಲದವನಾಗಲಿ, ನಿನ್ನೆ ಜಗಳವಾಡಿದವನಾಗಲಿ, “ಇಳಸಪ್ಪಾ, ಸಾಕು” ಅನ್ನುತ್ತಾರೆ.