ಹೊಳೆಯಬಾರದ ಟ್ಯೂಬು

"ಸರ್, ಈ ಆಂಟಿಬಾಡಿಯನ್ನು ಎಷ್ಟೋ ಪ್ರಯೋಗಾಲಯಗಳಲ್ಲಿ ಬಳಸಿ ಸರಿಯಿದೆ ಎಂದಿದ್ದಾರೆ. ನೀವು ಮಾತ್ರ, ಇದು ಗುರುತಿಸಬೇಕಾದ ಪ್ರೋಟೀನೇ ಇಲ್ಲದ ಕೋಶಗಳ ಮೇಲೂ ಹಾಕಿ ನೋಡು ಎನ್ನುತ್ತೀರಿ. ಪ್ರತಿ ಸಲವೂ ಏಕೆ?" ಎಂದು ಸಂಶೋಧನಾ ವಿದ್ಯಾರ್ಥಿಯೊಬ್ಬ ತನ್ನ ಗುರುವನ್ನು ಕೇಳಿದ.

ಗುರು ಕೈಗವಸು ಕಳಚಿಟ್ಟು ಹೇಳತೊಡಗಿದರು.

ಒಬ್ಬ ವಿಜ್ಞಾನಿಯಿದ್ದ. ಕ್ಯಾನ್ಸರ್ ಕೋಶದ ಮೈಮೇಲೆ ಒಂದು ಪ್ರೋಟೀನು ಇದೆ, ಅದನ್ನು ಗುರುತಿಸಿದರೆ ರೋಗವನ್ನು ಮೊದಲೇ ಹಿಡಿಯಬಹುದು ಎಂಬುದು ಅವನ ವಾದ. ಗುರುತಿಸಲು ಅವನಲ್ಲಿ ಒಂದು ಆಂಟಿಬಾಡಿ ಇತ್ತು. ಅದು ಆ ಪ್ರೋಟೀನಿಗೆ ಮಾತ್ರ ಅಂಟಬೇಕು, ಅಂಟಿದ ಕಡೆ ಹೊಳೆಯಬೇಕು. ಹೊಳೆಯಿತು. ವಿಜ್ಞಾನಿಗೆ ಹೆಸರು ಬಂತು. ಹೆಸರು ಬಂದ ಮೇಲೆ ಸಂದೇಹ ಅವನ ಹತ್ತಿರ ಸುಳಿಯಲಿಲ್ಲ.

ಅವನ ಬಳಿ ಒಬ್ಬ ವಿದ್ಯಾರ್ಥಿನಿ ಪಿಎಚ್.ಡಿ.ಗೆ ಸೇರಿದಳು. ಹೈಸ್ಕೂಲಿನ ಖಾಯಂ ನೌಕರಿ ಬಿಟ್ಟು ಬಂದಿದ್ದವಳು. ಪ್ರತಿ ಪ್ರಯೋಗದಲ್ಲೂ ಅವಳು ಒಂದು ಟ್ಯೂಬಿನಲ್ಲಿ ಆ ಪ್ರೋಟೀನು ಇಲ್ಲದ ಕೋಶಗಳನ್ನು ಇಡುತ್ತಿದ್ದಳು. ಆ ಟ್ಯೂಬು ಹೊಳೆಯಬಾರದು. ಅದೂ ಹೊಳೆಯಿತು.

ಹೋಗಿ ಹೇಳಿದಳು. ಸರಿಯಾಗಿ ತೊಳೆದಿಲ್ಲ, ಅಂಟದ ಆಂಟಿಬಾಡಿ ಉಳಿದುಕೊಂಡಿದೆ, ಇನ್ನೆರಡು ಸಲ ತೊಳೆ ಎಂದ. ತೊಳೆದಳು. ಹೊಳೆಯಿತು. ಐದು ಸಲ ತೊಳೆದಳು. ಆಗಲೂ ಹೊಳೆಯಿತು. ಅವನು ಎಲ್ಲರೆದುರು, "ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ನಾಳೆಯಿಂದ ಆ ಟ್ಯೂಬು ಇಡಲೇಬೇಡ" ಎಂದ.

"ಅದನ್ನು ಬಿಟ್ಟರೆ ಉಳಿದದ್ದನ್ನು ನಂಬುವುದು ಹೇಗೆ ಸರ್?" ಎಂದಳು.

ಅವಳು ಮಾಡಿದ ತಪ್ಪು ಅಷ್ಟೇ. ಇವಳಿಗೆ ಪ್ರಯೋಗದ ಕೈ ಇಲ್ಲ ಎಂದು ವರದಿ ಬರೆದು ಅವಳನ್ನು ಕಳಿಸಿಬಿಟ್ಟ. ಕೈ ಇಲ್ಲವಂತೆ! ಆ ಪ್ರಯೋಗಾಲಯದಲ್ಲಿ ಕಣ್ಣಿದ್ದವಳು ಅವಳೊಬ್ಬಳೇ. ಅವಳು ಹೋದ ಕಡೆಯಲ್ಲೆಲ್ಲ ಮೊದಲು ಆ ವರದಿಯನ್ನು ಓದಿದರು. ಓದಿದ ಮೇಲೆ ಯಾರೂ ಸೇರಿಸಿಕೊಳ್ಳಲಿಲ್ಲ. ಬಿಟ್ಟ ನೌಕರಿಯೂ ಮತ್ತೆ ಸಿಗಲಿಲ್ಲ.

ಒಂಬತ್ತು ವರ್ಷ ಕಳೆದವು. ಬೇರೆ ದೇಶದ ಪ್ರಯೋಗಾಲಯವೊಂದು ಆ ಪ್ರೋಟೀನು ಇಲ್ಲದ ಕೋಶಗಳ ಮೇಲೆ ಅದೇ ಆಂಟಿಬಾಡಿಯನ್ನು ಹಾಕಿ ನೋಡಿತು. ಹೊಳೆಯಿತು. ಅದು ಅಂಟುತ್ತಿದ್ದದ್ದು ಆರೋಗ್ಯವಂತರ ಕೋಶಗಳಲ್ಲೂ ಇರುವ ಬೇರೊಂದು ಪ್ರೋಟೀನಿಗೆ. ದೂರದವರು ಹೇಳಿದರೆ ಮಾತಿಗೆ ತೂಕ ಬರುತ್ತದಲ್ಲ, ವಿಜ್ಞಾನಿ ಒಪ್ಪಿದ. ತನ್ನ ಪ್ರಬಂಧವನ್ನು ತಾನೇ ಹಿಂದಕ್ಕೆ ಪಡೆದ. ತಪ್ಪೊಪ್ಪಿಕೊಂಡ ದೊಡ್ಡ ಮನುಷ್ಯ ಎಂದು ಜನ ಕೊಂಡಾಡಿದರು. ಸಭೆ ಕರೆದು ಶಾಲು ಹೊದಿಸಿ ಹಾರ ಹಾಕಿದರು. ಪ್ರಾಮಾಣಿಕತೆಯ ಮೇಲೆ ಅರ್ಧ ಗಂಟೆ ಭಾಷಣವನ್ನೂ ಬಿಗಿದ, ನಾಚಿಕೆಗೆಟ್ಟವನು.

ಗುರು ಕತೆ ನಿಲ್ಲಿಸಿದರು. ವಿದ್ಯಾರ್ಥಿ, "ಆ ವಿದ್ಯಾರ್ಥಿನಿ ಏನಾದರು ಸರ್?" ಎಂದು ಕೇಳಿದ.

ಗುರು ಹೇಳಿದರು: "ಗೊತ್ತಿಲ್ಲ; ಆ ಸಭೆಯಲ್ಲಿ ಯಾರೂ ಇದನ್ನು ಕೇಳಲಿಲ್ಲ, ಹಾರ ಹಾಕಿಸಿಕೊಂಡು ಕೂತಿದ್ದ ನಾನೂ ಅವಳ ಹೆಸರೆತ್ತಲಿಲ್ಲ."