ಅಳಿಲು ಮರಿಯ ಕನ್ನಡಕ

ಅಳಿಲಮ್ಮನ ಮಗಳಿಗೆ ದೂರದ ಕೊಂಬೆಗಳು ಮಸುಕಾಗಿ ಕಾಣುತ್ತಿದ್ದವು. ಮರಕುಟಿಗ ಅವಳ ಕಣ್ಣು ಪರೀಕ್ಷಿಸಿ ಕನ್ನಡಕ ಮಾಡಿಕೊಟ್ಟ. “ಇದಕ್ಕೆ ವಿಮೆ ಮಾಡಿಸಿ ತಾಯಿ. ತಿಂಗಳಿಗೊಂದು ಹಿಡಿ ಕಡಲೆಕಾಯಿ ಕೊಡುತ್ತಿದ್ದರೆ, ಒಡೆದಾಗ ಹೊಸದು ಕೊಡುತ್ತೇನೆ,” ಎಂದ.

ಅಳಿಲಮ್ಮ ಅವನನ್ನೇ ದಿಟ್ಟಿಸಿದಳು. “ನೀವೇ ಮಾಡಿದ ಕನ್ನಡಕ. ಒಡೆಯುತ್ತದೆಂದು ಈಗಲೇ ಹೇಗೆ ಗೊತ್ತು ನಿಮಗೆ?”

“ಕನ್ನಡಕದ ವಿಷಯ ಹೇಳಲಾರೆ. ಮಕ್ಕಳು ಬೀಳುತ್ತಾರೆಂದು ಮಾತ್ರ ಗೊತ್ತು.”

“ಬೇಗ ಒಡೆಯಲೆಂದು ತೆಳು ಗಾಜು ಹಾಕಿಲ್ಲ ತಾನೆ?”

“ಅಷ್ಟು ಅನುಮಾನವಿದ್ದರೆ ವಿಮೆ ಬೇಡ ಬಿಡಿ,” ಎಂದು ಮರಕುಟಿಗ ತನ್ನ ಕೆಲಸಕ್ಕೆ ತಿರುಗಿದ.

ಅಳಿಲಮ್ಮ ವಿಮೆ ಮಾಡಿಸದೆ ಹೊರಟಳು. ದಾರಿಯಲ್ಲಿ ಮಗಳು ಕುಣಿಯುತ್ತಾ ಬರುವುದನ್ನು ಕಂಡಾಗ ತಾಯಿಯ ಅನುಮಾನ ಅವಳ ಮೇಲೆ ತಿರುಗಿತು. ಒಂದು ಕಡೆ ಕೂರದ ಹುಡುಗಿ, ಇವತ್ತೇ ಒಡೆದು ತಂದಾಳು. ಮನೆ ಸೇರಿದ ಕೂಡಲೇ ಕನ್ನಡಕವನ್ನು ಕಿತ್ತುಕೊಂಡು ಪೊಟರೆಯೊಳಗೆ ಎತ್ತಿಟ್ಟಳು.

“ಆಡುವಾಗ ಇದು ಬೇಡ. ಸುಮ್ಮನೆ ಕೂತಾಗ ಹಾಕಿಕೋ.”

“ಸುಮ್ಮನೆ ಕೂತು ಏನು ನೋಡಲಿ ಅಮ್ಮ?” ಎಂದಳು ಮಗಳು.

ಸಂಜೆ ಮಗಳು ಗೆಳತಿಯರ ಹಿಂದೆ ಹಾರಿದಳು. ಅವಳು ಕೊಂಬೆ ಎಂದುಕೊಂಡದ್ದು ಬರಿಯ ನೆರಳು. ನೆಲಕ್ಕೆ ಬಿದ್ದು ಮುಂಗಾಲು ಮುರಿದುಕೊಂಡಳು.

ಚೀರಾಟ ಕೇಳಿ ಮರಕುಟಿಗ ಹಾರಿ ಬಂದ. ಕಾಲಿಗೆ ಕಡ್ಡಿ ಇಟ್ಟು ಕಟ್ಟುತ್ತಾ, “ಕನ್ನಡಕ ಒಡೆಯಿತೇ?” ಎಂದು ಕೇಳಿದ.

“ಇಲ್ಲ,” ಎಂದಳು ಅಳಿಲಮ್ಮ, ತಲೆ ಎತ್ತದೆ. “ಅದಕ್ಕೆ ಏನೂ ಆಗಿಲ್ಲ.”