ಗರಗಸದ ಆ ಕಡೆ

ಹುಲಕೊಪ್ಪದ ಪೂಜ್ಯ ಶ್ರೀ ಮುಪ್ಪಯ್ಯಜ್ಜನವರ ಮಠ ಎಂದರೆ ನಾಲ್ಕು ಅಂಕಣದ ಒಂದು ಹೆಂಚಿನ ಮನೆ. ಒಳಗೆ ಗದ್ದುಗೆ, ಹೊರಗೆ ಪಡಸಾಲೆ. ಪಡಸಾಲೆಯಲ್ಲಿ ಒಂದು ಗಟ್ಟಿ ಮಣೆ, ಗೋಡೆಗೆ ಒರಗಿಸಿಟ್ಟ ಹತ್ತು ಹನ್ನೆರಡು ಅರಗಳು. ದೀಕ್ಷೆಗೆ ಮೊದಲು ಅಜ್ಜನವರು ಹದಿನೆಂಟು ವರ್ಷ ಕಟ್ಟಿಗೆ ಅಡ್ಡೆಯಲ್ಲಿ ಗರಗಸದ ಹಲ್ಲು ತೀಡುವ ಕೆಲಸ ಮಾಡಿದವರು. ದೀಕ್ಷೆಯ ನಂತರವೂ ಆ ಕಾಯಕವನ್ನು ಬಿಡಲಿಲ್ಲ. ಬೆಳಗಿನ ಪೂಜೆ ಮುಗಿಸಿ ಪಡಸಾಲೆಗೆ ಬಂದು ಕುಳಿತರೆಂದರೆ ಮಧ್ಯಾಹ್ನದ ಪ್ರಸಾದದವರೆಗೂ ಸುತ್ತಲಿನ ಊರುಗಳ ಬಡಿಗರು ತಂದ ಅಲಗುಗಳನ್ನು ತೀಡುತ್ತಿದ್ದರು. ಉಪದೇಶ ಬೇಡಿ ಬಂದವರೂ ಅರದ ಸಪ್ಪಳ ಕೇಳುತ್ತಲೇ ಕೂಡಬೇಕಾಗಿತ್ತು. ಎಷ್ಟೋ ಜನ ಅಷ್ಟಕ್ಕೇ ಸಮಾಧಾನ ಹೊಂದಿ ಎದ್ದು ಹೋಗುತ್ತಿದ್ದರು.

ಒಂದು ದಿನ ಅಲ್ಲಿಗೆ ಕಾಳಪ್ಪ ಬಡಿಗೇರ ಎಂಬವನು ಬಂದ. ಒಂದು ಹರದಾರಿ ದೂರದ ಪೇಟೆಯಲ್ಲಿ ಅವನದೊಂದು ಬಡಿಗತನದ ಅಂಗಡಿ. ಹಳೆಯ ಧೋತರದಲ್ಲಿ ಸುತ್ತಿದ ದುಂಡನೆಯ ಅಲಗನ್ನು ಕಂಕುಳಲ್ಲಿ ಅವುಚಿಕೊಂಡಿದ್ದ. ಮಠದೊಳಗೆ ಬಂದವನು ಗದ್ದುಗೆಯ ಕಡೆ ತಿರುಗಿಯೂ ನೋಡಲಿಲ್ಲ.

"ನಾ ದರ್ಶನಕ್ಕ ಬಂದಾಂವ ಅಲ್ಲರಿ, ಮೊದಲ ಹೇಳತೇನಿ. ಈ ಬ್ಲೇಡ್ ರಿಪೇರಿ ಆಗಬೇಕು. ಮೂರು ಕಡೆ ತೋರಿಸೇನಿ, ಮೂವರೂ ಒಗಿ ಅಂದರು. ನಿಮ್ಮ ಕೈಗುಣ ಚಲೋ ಅಂತಾರ, ಅದಕ್ಕ ಬಂದೆ."

ಗದ್ದುಗೆಗೆ ಹೂ ಕಟ್ಟುತ್ತಿದ್ದ ಹೂಗಾರ ಗುರುಪಾದಪ್ಪ ಕುತ್ತಿಗೆ ಚಾಚಿ ನೋಡಿದ. ಅಲಗಿನ ಅಂಚಿನಲ್ಲಿ ಮೂರು ಹಲ್ಲು ಮುರಿದಿದ್ದವು. ಒಂದು ಹಲ್ಲಿನ ಬುಡದಿಂದ ಬಿರುಕು ನಡುವಿನ ತೂತಿನ ಕಡೆಗೆ ಹರಿದಿತ್ತು.

"ಏ ಬಡಿಗ್ಯಾ, ಇದರ ಮ್ಯಾಲೆ ರೊಟ್ಟಿ ಬೇಯಿಸಬಹುದು ನೋಡು. ಹೊಸಾದ ತಗೋಬಾರದೇನೋ ಮಾರಾಯಾ!"

"ನೀ ಹೂ ಕಟ್ಟೋ. ಕಬ್ಬಿಣದ ಮಾತು ನಿನಗ ಯಾಕ."

ಅಜ್ಜನವರು ಅಲಗನ್ನು ಎತ್ತಿಕೊಂಡರು. ನಡುವಿನ ತೂತಿಗೆ ಬೆರಳು ಕೊಟ್ಟು ತೂಗುಬಿಟ್ಟು, ಅರದ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದರು. ಗಟ್ಟಿ ಅಲಗಾದರೆ ಗಂಟೆಯಂತೆ ನುಡಿಯುತ್ತದೆ. ಇದು ಒಡೆದ ಗಡಿಗೆಯಂತೆ ದಪ್ಪೆಂದಿತು. ಬಳಿಕ ಅವರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅಲಗಿನ ಎರಡೂ ಮೈಗೆ, ಉಂಗುರದ ಮೇಲೆ ಉಂಗುರದಂತೆ, ಸುಟ್ಟ ನೀಲಿ ಬಣ್ಣ ಹಿಡಿದಿತ್ತು. ಅದು ಒಂದು ದಿನದ ಸುಡುವಿಕೆ ಆಗಿರಲಿಲ್ಲ.

"ಆ ಕಡೆ ಯಾರು ಹಿಡಿತಾರ?" ಎಂದು ಅಜ್ಜನವರು ಕೇಳಿದರು.

ಬಡಿಗತನ ಗೊತ್ತಿಲ್ಲದವರಿಗೆ ಈ ಪ್ರಶ್ನೆ ಅರ್ಥವಾಗಲಿಕ್ಕಿಲ್ಲ. ಕಬ್ಬಿಣದ ಮೇಜು, ಅದರ ಸೀಳಿನಿಂದ ಅರ್ಧ ಮೇಲೆದ್ದು ತಿರುಗುವ ಅಲಗು; ಇಂಥ ಯಂತ್ರದಲ್ಲಿ ಉದ್ದ ಹಲಗೆ ಸೀಳಲು ಇಬ್ಬರು ಬೇಕು. ಒಬ್ಬ ಈ ಕಡೆಯಿಂದ ನೂಕುತ್ತಾನೆ. ಇನ್ನೊಬ್ಬ ಆ ಕಡೆ ನಿಂತು, ಸೀಳಿ ಬಂದ ತುದಿಗಳನ್ನು ತುಸು ಅಗಲಿಸಿ ಹಿಡಿದು ತನ್ನತ್ತ ಬರಮಾಡಿಕೊಳ್ಳುತ್ತಾನೆ. ಆ ಕಡೆ ಯಾರೂ ಇಲ್ಲದಿದ್ದರೆ ಹಲಗೆಯ ತುದಿ ಜೋಲುತ್ತದೆ, ಸೀಳು ಮುಚ್ಚಿಕೊಂಡು ಅಲಗನ್ನು ಕಚ್ಚುತ್ತದೆ. ಅಲಗು ಕಾಯುತ್ತದೆ, ನೀಲಿಗಟ್ಟುತ್ತದೆ, ಒಂದು ದಿನ ಬಿರಿಯುತ್ತದೆ.

ಕಾಳಪ್ಪ ನೆಲ ನೋಡಿದ. "ಯಾರೂ ಇಲ್ಲರಿ."

"ಎಷ್ಟು ವರ್ಷ ಆತು?"

"ಹನ್ನೊಂದು."

ಉಳಿದುದನ್ನು ಯಾರೂ ಕೇಳದೆಯೇ ಅವನು ಹೇಳಿದ. ಆ ಕಡೆ ನಿಲ್ಲುತ್ತಿದ್ದವನು ಅವನ ತಮ್ಮ ಮಾನಪ್ಪ. ತಂದೆ ತೀರಿದ ಮೇಲೆ ಇಬ್ಬರೂ ಕೂಡಿ ಅಂಗಡಿ ನಡೆಸುತ್ತಿದ್ದರು. ಒಂದು ದಿನ ಮಾನಪ್ಪ ಬಾಗಿಲ ಚೌಕಟ್ಟಿನ ಅಳತೆ ತಪ್ಪಿಸಿದ. ಕಾಳಪ್ಪ ಗಿರಾಕಿಗಳ ಎದುರಿಗೆ, ನಿನ್ನದು ಬಡಿಗನ ಕೈಯೇ ಅಲ್ಲ ಎಂದ. ಮಾನಪ್ಪ ಯಂತ್ರ ನಿಲ್ಲಿಸಿ, ಕೈ ತೊಳೆದುಕೊಂಡು, ಬಸ್ಸು ಹತ್ತಿ ಹೋದ. ಮಿರಜದಲ್ಲಿ ಕಂಡೆವೆಂದು ಯಾರೋ ಹೇಳಿದ್ದುಂಟು, ಕಾಗದ ಬರಲಿಲ್ಲ. ಅಂದಿನಿಂದ ಕಾಳಪ್ಪ ಯಾರನ್ನೂ ಆ ಕಡೆ ನಿಲ್ಲಗೊಡಲಿಲ್ಲ. ಆಳು ಇಟ್ಟುಕೊಳ್ಳಲಿಲ್ಲ. ತಮ್ಮ ಬಂದು ತನ್ನ ಜಾಗದಲ್ಲಿ ಇನ್ನೊಬ್ಬನನ್ನು ಕಂಡಾನು ಎಂಬ ಅಳುಕು. ತಾನಿಲ್ಲದ ಹೊತ್ತಿನಲ್ಲಿ ಬಂದಾನು ಎಂದು ಅಂಗಡಿ ಬಿಟ್ಟು ದೂರದ ಊರಿಗೂ ಹೋಗಲಿಲ್ಲ.

"ಈ ಬ್ಲೇಡ್ ಬೆಳಗಾವಿಯಿಂದ ಆರಿಸಿ ತಂದಾಂವ ಅವನರಿ. ಅವನ ಕೈಯಿಂದ ಬಂದದ್ದು ಇದೊಂದ ಉಳದೈತಿ."

ಅಜ್ಜನವರು ಅಲಗನ್ನು ಮೊಣಕಾಲ ಮೇಲಿಟ್ಟುಕೊಂಡರು. "ಹಲ್ಲು ಮುರಿದರ ಹೊಸಾ ಹಲ್ಲು ತೆಗೀಬಹುದು. ಬಿರುಕು ಸಣ್ಣದಿದ್ದರ ಅದರ ತುದಿಗೆ ತೂತು ಹೊಡೆದು ನಿಂದ್ರಸಬಹುದು. ಇದು ನಡೂತನಕಾ ಹೋಗೇತಿ. ಇನ್ನ ಇದು ತಿರಗಬಾರದು. ತಿರಗಿದರ ಸಿಡಿದು ನಿನ್ನ ಎದಿಗೆ ಬರತೈತಿ."

ಕಾಳಪ್ಪನ ಮುಖ ಕೆಂಪಾಯಿತು. "ಹಂಗಾರ ನಿಮ್ಮ ಕೈಗುಣ ಅಂತ ಊರೆಲ್ಲಾ ಹೇಳೋದು ಸುಳ್ಳೇನ್ರಿ?"

"ಸುಳ್ಳು" ಎಂದು ಅಜ್ಜನವರು ನಕ್ಕರು. ಆಮೇಲೆ ಹೆಗಲ ಮೇಲೆ ವಸ್ತ್ರ ಹಾಕಿಕೊಂಡು, ಅಲಗನ್ನೂ ಎತ್ತಿಕೊಂಡು ಎದ್ದರು. "ನಡಿ, ನಿನ್ನ ಅಂಗಡಿ ನೋಡೋಣ."

"ಅಜ್ಜಾರ, ಪ್ರಸಾದದ ಹೊತ್ತಾತ್ರಿ" ಎಂದು ಗುರುಪಾದಪ್ಪ ಗಾಬರಿಯಾದ. ಅಷ್ಟರಲ್ಲಿ ಅವರು ಮೆಟ್ಟಿಲು ಇಳಿದಿದ್ದರು.

ಬಿಸಿಲಲ್ಲಿ ನಡೆದು ಇಬ್ಬರೂ ಪೇಟೆಗೆ ಬಂದರು. ಅಂಗಡಿಯಲ್ಲಿ ಕಾಳಪ್ಪನ ಹೆಂಡತಿ ಕಾಶವ್ವ ಹಲಗೆಗಳಿಗೆ ಮರಳುಕಾಗದ ಉಜ್ಜುತ್ತಿದ್ದಳು. ಅಜ್ಜನವರನ್ನು ಕಂಡು ಧಡಕ್ಕನೆ ಎದ್ದು ಸೆರಗು ಹೊದ್ದಳು. ಹೊಸ ಅಲಗು ಇದೆಯೇ ಎಂದು ಅವರು ವಿಚಾರಿಸಿದಾಗ ಗಂಡ ಬಾಯಿ ತೆರೆಯುವ ಮೊದಲೇ ಅವಳು ಒಳಗಿನಿಂದ ತಂದಳು. ಎರಡು ವರ್ಷದ ಹಿಂದೆ ತವರಿಗೆ ಹೋದಾಗ ಕೊಂಡು ತಂದದ್ದು. ಎಣ್ಣೆ ಕಾಗದ ಕೂಡ ಬಿಚ್ಚಿರಲಿಲ್ಲ.

ಅಜ್ಜನವರು ಅದನ್ನು ತಟ್ಟಿ ನೋಡಿ ಕಾಳಪ್ಪನ ಕೈಗಿಟ್ಟರು. ಅವನು ಬಹಳ ನಿಧಾನವಾಗಿ ಅದನ್ನು ಯಂತ್ರಕ್ಕೆ ಏರಿಸಿ ನಟ್ಟು ಬಿಗಿದ. ಮೇಜಿನ ಮೇಲೆ ಸಾಗವಾನಿಯ ಉದ್ದನೆಯ ಹಲಗೆ ಕಾದಿತ್ತು. ಮೇಜಿನ ಆ ಕಡೆ ಮಣ್ಣಿನ ನೆಲದಲ್ಲಿ ಎರಡು ಪಾದಗಳು ಸವೆಸಿದ ಎರಡು ತಗ್ಗು. ಅಂಗಡಿಯ ಉಳಿದೆಡೆಯೆಲ್ಲ ಹೊಟ್ಟು ಬಿದ್ದಿದ್ದರೂ ಅಲ್ಲಿ ಮಾತ್ರ ಗುಡಿಸಿತ್ತು.

ಅಜ್ಜನವರು ಸುತ್ತಿ ಆ ಕಡೆ ಹೋದರು. ತಗ್ಗುಗಳ ಹತ್ತಿರ ಬಂದು ನಿಂತರು, ಕಾಲಿಡಲಿಲ್ಲ. ಯಾರ ಮುಂದೆ ಜನ ಅಡ್ಡಬೀಳುತ್ತಿದ್ದರೋ ಅವರು ಒಬ್ಬ ಬಡಿಗನ ಮುಖ ನೋಡಿ ಕೇಳಿದರು:

"ಇಲ್ಲಿ ನಿಂದ್ರಲೇನಪಾ?"

ಕಾಳಪ್ಪ ಆ ತಗ್ಗುಗಳನ್ನೇ ನೋಡಿದ. ಹೊರಗೆ ಎರಡು ಚಕ್ಕಡಿಗಳು ಹಾದುಹೋದವು. ಅಜ್ಜನವರು ಕಾದೇ ನಿಂತಿದ್ದರು. ಕಡೆಗೆ ಅವನು ತಲೆಯಾಡಿಸಿದ. ಅವರು ಆ ತಗ್ಗುಗಳಲ್ಲಿ ಕಾಲಿಟ್ಟರು.

ಯಂತ್ರ ತಿರುಗಿತು. ಕಾಳಪ್ಪ ಹಲಗೆ ನೂಕಿದ. ಅಲಗು ಹಾಡುತ್ತ ಸಾಗಿತು. ಅರ್ಧ ದಾಟಿದ ಮೇಲೆ, ಎಲ್ಲಿ ಹನ್ನೊಂದು ವರ್ಷ ಹಲಗೆ ಜೋಲಿ ಬೀಳುತ್ತಿತ್ತೋ ಅಲ್ಲಿ, ಆ ತುದಿಯಿಂದ ಹಗುರಾದ ಒಂದು ಎಳೆತ ಬಂದು ಅವನ ಅಂಗೈಗೆ ತಾಗಿತು. ಯಾರೋ ಇದ್ದಾರೆ ಎಂಬಷ್ಟೇ ಎಳೆತ. ಕಾಳಪ್ಪನ ಕಣ್ಣು ಮಂಜಾದವು. ಅಲಗಿನ ಹತ್ತಿರ ಕಣ್ಣು ಒರೆಸಿಕೊಳ್ಳುವಂತಿಲ್ಲ. ಹಾಗೆಯೇ ನೂಕುತ್ತ ಹೋದ. ಅಜ್ಜನವರು ಅವನ ಮುಖ ನೋಡಲಿಲ್ಲ. ಹಲಗೆಯನ್ನೇ ನೋಡುತ್ತಿದ್ದರು.

ಏಳು ಹಲಗೆ ಸೀಳಿದರು. ಏಳನೆಯದು ಮುಗಿದಾಗ ಅವರ ಗಡ್ಡ, ಕಾವಿ ಎಲ್ಲ ಹೊಟ್ಟಿನಿಂದ ಹಳದಿಯಾಗಿತ್ತು. ಕಾಳಪ್ಪ ಯಂತ್ರ ನಿಲ್ಲಿಸಿ ಮೇಜು ಹಿಡಿದು ನಿಂತ.

"ಅವ ಬಂದರ ಏನಂತಾನ್ರಿ? ನನ್ನ ಜಾಗಾ ಕೊಟ್ಟಬಿಟ್ಟಿ ಅಂದರ?"

"ಜಾಗಾ ಕಾಯೂದು ಬ್ಯಾರೆ, ಬರಿದು ಇಡೂದು ಬ್ಯಾರೆ" ಎಂದರು ಅಜ್ಜನವರು. "ನೀ ಕಾದಿಲ್ಲ, ತಮ್ಮಾ. ನಿನ್ನನ್ನ ನೀ ಸುಟಗೊಂಡಿ."

ಇಷ್ಟು ಹೇಳಿ ಆ ತಗ್ಗುಗಳಿಂದ ಈಚೆ ಬಂದು ವಸ್ತ್ರ ಕೊಡವಿಕೊಂಡರು. "ನಾಳೆ ನನಗ ಮಠದಾಗ ಕೆಲಸ ಐತಿ. ಬರಾಕ ಆಗೂದಿಲ್ಲ."

ಕಾಶವ್ವ ಮಜ್ಜಿಗೆಯ ತಂಬಿಗೆಯನ್ನು ಅವರ ಮುಂದಿಟ್ಟು, ಸೆರಗು ಸೊಂಟಕ್ಕೆ ಬಿಗಿದು, ಯಾರ ಅಪ್ಪಣೆಗೂ ಕಾಯದೆ ಮೇಜಿನ ಆ ಕಡೆ ಹೋಗಿ ನಿಂತಳು.

"ಹತ್ತು ವರ್ಷದಿಂದ ಕೇಳಾಕತ್ತೇನಿ" ಎಂದಳು ಗಂಡನಿಗೆ. "ಇವತ್ತೂ ಬ್ಯಾಡ ಅಂದರ ಅಜ್ಜಾರ ಮುಂದ ಹೇಳು."

ಕಾಳಪ್ಪ ಅಜ್ಜನವರನ್ನು ನೋಡಿದ. ಅವರು ಮಜ್ಜಿಗೆ ಕುಡಿಯುತ್ತಿದ್ದರು.

"ಕೈಯಾನ ಬಳಿ ಹಿಂದಕ ಏರಿಸಿಕೋ" ಎಂದ ಅವನು ಕಡೆಗೆ. "ಜಗ್ಗಬ್ಯಾಡ. ಬಂದಷ್ಟ ತಗೋ."

ಈ ಪ್ರಸಂಗವನ್ನು ನಾನು ಕೇಳಿದ್ದು ಕಾಳಪ್ಪನವರ ಬಾಯಿಂದಲೇ. ಆಗ ಅಜ್ಜನವರು ಲಿಂಗೈಕ್ಯರಾಗಿ ಬಹಳ ವರ್ಷಗಳಾಗಿದ್ದವು. ಒಡೆದ ಅಲಗನ್ನು ಅಜ್ಜನವರು ಹಲಗೆ ಸೀಳಿದ ದಿನವೇ ಮಠಕ್ಕೆ ಒಯ್ದು, ಕತ್ತರಿಸಿ, ಹಲಗೆ ಹೆರೆದು ನುಣುಪು ಮಾಡುವ ತಗಡುಗಳನ್ನು ಮಾಡಿ ಬಡಿಗರಿಗೆ ಹಂಚಿದರಂತೆ. ಕಾಳಪ್ಪನವರು ಒಂದನ್ನೂ ಕೇಳಲಿಲ್ಲವಂತೆ. ನಾನು ಹೋದಾಗ ಅವರ ಅಂಗಡಿಯಲ್ಲಿ ನಾಲ್ಕು ಜನ ಕೆಲಸಕ್ಕಿದ್ದರು. ಯಾರನ್ನಾದರೂ ಮೇಜಿನ ಆ ಕಡೆ ನಿಲ್ಲಿಸುವಾಗ ಅವರು ತಪ್ಪದೆ ಹೇಳುತ್ತಿದ್ದರು: ಇದು ನನ್ನ ತಮ್ಮನ ಜಾಗ, ಅವ ಬರೋತನಕ ನೀ ಹಿಡಿ.

ಅಂಗಡಿಯನ್ನು ಮೊದಲು ಕಾಶವ್ವನಿಗೆ, ಆಮೇಲೆ ಆಳುಗಳಿಗೆ ಒಪ್ಪಿಸಿ ಅವರು ಊರು ಬಿಟ್ಟು ಹೋಗಬಲ್ಲವರಾದರು. ಅಜ್ಜನವರು ಬಂದುಹೋದ ಮರುವಾರವೇ ಮೊದಲ ಸಲ ಮಿರಜಕ್ಕೆ ಹೊರಟರಂತೆ. ಅಂದಿನಿಂದ ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಹದಿನೈದು ದಿನ ಹೋಗುತ್ತಾರೆ. ಮಿರಜ, ಸಾಂಗಲಿ, ಇಚಲಕರಂಜಿ, ಎಲ್ಲ ಊರಿನ ಕಟ್ಟಿಗೆ ಅಡ್ಡೆಗಳಲ್ಲಿ, ಬಡಿಗರ ಓಣಿಗಳಲ್ಲಿ, ಮಾನಪ್ಪ ಅಂತ ಕನ್ನಡದವ ಒಬ್ಬ ಇದ್ದಾನೇನ್ರಿ ಎಂದು ವಿಚಾರಿಸುತ್ತಾರೆ.

ಸಿಕ್ಕರೇ ಎಂದು ನಾನು ಕೇಳಿದೆ.

ಅವರು ಹಲಗೆಯ ಮೇಲಿನ ಹೊಟ್ಟನ್ನು ಅಂಗೈಯಿಂದ ಸರಿಸಿದರು.

"ಇನ್ನೂ ಕೊಲ್ಲಾಪುರದ ಆಚೆ ಭಾಳ ಊರು ಉಳದಾವ್ರಿ" ಎಂದರು.